ಟವೆಲ್ಲಿನ ಕೆಳಗಿನ ಕೈ

ಗಂಗಾನಗರ
ನವೆಂಬರ್ ೧೬, ಭಾನುವಾರ

ನನ್ನ ಮುಸರ್ರತ್‌ಗೆ ಅಮ್ಮಿಯ ಸಲಾಮು, ದುವಾ, ಮತ್ತು ಒಂದು ಪ್ರಶ್ನೆ.

ಪ್ರಶ್ನೆ ಆಮೇಲೆ. ಪತ್ರ ಯಾಕೆ ಅನ್ನುವುದು ಮೊದಲು. ನಿಮ್ಮ ಕೋಚು ರಾಧಾಮಣಿ ಮೇಡಂ ದಿನಕ್ಕೆ ಹತ್ತೇ ನಿಮಿಷ ಫೋನು ಕೊಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ನಾನೇ ಮಾತಾಡುತ್ತೇನೆ ಎಂದು ನಿನ್ನ ಅಬ್ಬುವಿನ ದೂರು. ಉಳಿದ ಕಾಲುಪಾಲಿನಲ್ಲಿ ನೀನು "ಹೂಂ ಅಮ್ಮಿ, ಊಟ ಆಯ್ತು ಅಮ್ಮಿ, ಇಡ್ತೀನಿ ಅಮ್ಮಿ" ಅನ್ನುತ್ತೀಯ. ಹೋದ ವಾರ ನಾನು ಒಂದು ಮಾತು ಕೇಳಿದೆ. ನೀನು "ಏನಿಲ್ಲ ಬಿಡು" ಅಂದು ಇಟ್ಟುಬಿಟ್ಟೆ. ನಾನು ಕುರಿ ಮಾರುವವಳು. "ಏನಿಲ್ಲ" ಅಂದವನ ಕುರಿಯನ್ನು ಎರಡು ಸಲ ನೋಡುತ್ತೇನೆ.

ಉರ್ದು ನನಗೆ ಮಾತಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಎಂಟನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯ ಮೇಡಂ ನನ್ನ ಗೆಣ್ಣಿಗೆ ಹೊಡೆದು ಕಲಿಸಿದ್ದು ಕನ್ನಡ. ನೀನೂ ಕಲಿತದ್ದು ಅದೇ. ಪುಣೆಯ ಆ ಹಾಸ್ಟೆಲಿನಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ ಎಂಬ ಅನುಕೂಲವೂ ಇದೆ.

ಇನ್ನು ನನ್ನ ಕುತೂಹಲಗಳನ್ನು ಇಳಿಸಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ಆ ಕ್ರೀಡಾಕೂಟದಲ್ಲಿ ಏಷ್ಯಾದ ಅಷ್ಟೂ ದೇಶದ ಮಕ್ಕಳು ಒಂದೇ ಊಟದ ಹಾಲ್‌ನಲ್ಲಿ ಉಣ್ಣುತ್ತಿದ್ದಿರಿ ಅಂದೆಯಲ್ಲ, ಆ ತಟ್ಟೆಗಳನ್ನು ತೊಳೆಯುವವರು ಯಾರು? ಭಾರ ಎತ್ತುವ ಹುಡುಗಿಯರು ತೂಕ ಹಾಕಿಸಿಕೊಳ್ಳುವ ಮೊದಲು ಉಣ್ಣುತ್ತಾರೋ, ಆಮೇಲೋ? ನಾವು ಕುರಿಯನ್ನು ತೂಕಕ್ಕೆ ನಿಲ್ಲಿಸುವ ಮೊದಲು ನೀರು ಕುಡಿಸುವ ಕಳ್ಳರನ್ನು ನೋಡಿದ್ದೇವೆ. ಅಲ್ಲಿ ಉಲ್ಟಾ ಇರಬೇಕು. ಕತ್ತಿವರಸೆಯ ಮಕ್ಕಳು ಆ ಜಾಲರಿ ಮುಖವಾಡದೊಳಗೆ ಬೆವರು ಹೇಗೆ ಒರೆಸಿಕೊಳ್ಳುತ್ತಾರೆ? ಇನ್ನೊಂದು, ಆ ಪಿನ್ನುಗಳ ವಿಷಯ. ಒಂದು ದೇಶದವರು ಇನ್ನೊಂದು ದೇಶದವರೊಂದಿಗೆ ಬಾವುಟದ ಪಿನ್ನು ಬದಲಾಯಿಸಿಕೊಳ್ಳುವುದು ಅಲ್ಲಿನ ಪದ್ಧತಿ ಅಂದೆ. ಯಾವುದೋ ಸಣ್ಣ ದ್ವೀಪದ ಹುಡುಗಿಗೆ ನಮ್ಮ ಎರಡು ಪಿನ್ನು ಕೊಟ್ಟು ಅವಳದೊಂದು ತೆಗೆದುಕೊಂಡೆಯಂತೆ. ಯಾಕೆ? ಅಪರೂಪದ ಮಾಲು ಅಂತಲೋ, ಹುಡುಗಿ ಪಾಪ ಅನ್ನಿಸಿತೋ? ಎರಡನೆಯದಾದರೆ ನೀನು ನಿನ್ನ ಅಬ್ಬುವಿನ ಮಗಳು, ನನ್ನವಳಲ್ಲ.

ಸರಿ, ಈಗ ಆ ಸಂಜೆಗೆ ಬರುತ್ತೇನೆ. ನಿಮ್ಮ ಫುಟ್‌ಬಾಲಿನ ಕಂಚಿನ ಪದಕದ ಆಟ.

ತಣಿಸಂದ್ರದಲ್ಲಿ ನಮ್ಮ ಕುರಿದೊಡ್ಡಿಯ ಜಾಗದ ಒಡೆಯರು ಮುನಿಕೃಷ್ಣಪ್ಪನವರು ತಮ್ಮ ಹೊಸ ಕಾಂಪ್ಲೆಕ್ಸಿನ ಪಾರ್ಕಿಂಗಿನಲ್ಲಿ ದೊಡ್ಡ ಟೀವಿ ಇಡಿಸಿದ್ದರು. ಅವರ ಅಪ್ಪ ರಾಗಿ ಬೆಳೆದ ನೆಲದಲ್ಲಿ ಈಗ ಪಿಲ್ಲರುಗಳು ಬೆಳೆಯುತ್ತಿವೆ, ಆದರೆ ಮನುಷ್ಯ ಕುರಿಮಂದಿಯನ್ನು ಮರೆತಿಲ್ಲ. "ನಮ್ಮ ಐಕ್ಳು ಏಷ್ಯಾದಾಗೆ ಆಡ್ತಾವ್ರೆ, ನಾವು ಮೊಬೈಲ್‌ನಾಗೆ ಇಣುಕಿ ನೋಡಾದಾ?" ಅಂದು ಕುರ್ಚಿ ಹಾಕಿಸಿ, ಎಲ್ಲರಿಗೂ ಚಾ ಹೇಳಿದ್ದರು. ದೊಡ್ಡಿಯವರು, ಮೇವಿನವರು, ದಲ್ಲಾಳಿಗಳು, ಎದುರು ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು, ಎಲ್ಲ ಬಂದಿದ್ದರು. ಬಂದವರೆಲ್ಲ ಕೇಳುವುದು ಒಂದೇ: "ಮುಸರ್ರತ್ ಯಾವಾಗ ಇಳಿತಾಳೆ?" ತಂಡದಲ್ಲಿ ಹದಿನೆಂಟು ಜನ, ಅದರಲ್ಲಿ ಗೋಲು ಕಾಯುವವರು ಇಬ್ಬರು, ಮೊದಲನೆಯವಳು ಮಣಿಪುರದ ಮೆಮ್ಚಾ, ಎರಡನೆಯವಳು ನನ್ನ ಮಗಳು, ಮೊದಲನೆಯವಳಿಗೆ ಏನಾದರೂ ಆದರೆ ಮಾತ್ರ ಎರಡನೆಯವಳು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಇಡೀ ಪಂದ್ಯಾವಳಿಯಲ್ಲಿ ನಾನು ನೋಡಿದ್ದು ಬೆಂಚಿನ ಮೇಲೆ ನಿನ್ನ ಅರ್ಧ ಮುಖ, ಅದೂ ಯಾರದೋ ಭುಜದ ಹಿಂದೆ. ಮುಂದಿನ ವರ್ಷ ನಿನ್ನ ವಯಸ್ಸು ಈ ತಂಡದ ಮಿತಿ ದಾಟುತ್ತದೆ. ಒಂದು ನಿಮಿಷವೂ ಆಡದೆ ದಾಟುತ್ತದೆಯಲ್ಲ ಎಂದು ನನಗೂ ಇತ್ತು. ಬೇರೆಯವರ ಮುಂದೆ ತೋರಿಸಿಕೊಳ್ಳಲಿಲ್ಲ, ಅಷ್ಟೆ.

ಎದುರಾಳಿ ದೇಶದ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಹಳದಿ ಅಂಗಿ ಅನ್ನುತ್ತೇನೆ. ಆಟ ಒಂದೊಂದು ಗೋಲಿಗೆ ನಿಂತು ಪೆನಾಲ್ಟಿಗೆ ಬಂತು. ಆಗ ನಾನು ಎದ್ದು ನಿಂತು ಇಡೀ ಪಾರ್ಕಿಂಗಿಗೆ ಕೇಳುವಂತೆ ಹೇಳಿದೆ: ಹಳದಿ ಅಂಗಿಯವರ ಕ್ವಾರ್ಟರ್ ಫೈನಲ್ಲೂ ಪೆನಾಲ್ಟಿಯಲ್ಲೇ ಮುಗಿದದ್ದು, ನನ್ನ ಮಗಳು ಸ್ಟೇಡಿಯಂನಲ್ಲೇ ಕೂತು ನೋಡಿದ್ದಾಳೆ, ಯಾರು ಎತ್ತ ಒದೆಯುತ್ತಾರೆ ಅನ್ನುವುದು ಅವಳಿಗೆ ಬಾಯಿಪಾಠ. ನೀನು ಫೋನಿನಲ್ಲಿ ಹೇಳಿದ್ದೆಯಲ್ಲ. ಈ ಬಾಯಿ ಸುಮ್ಮನಿದ್ದಿದ್ದರೆ ಇವತ್ತು ಈ ಪತ್ರವೇ ಬೇಡವಾಗಿತ್ತು.

ಅಷ್ಟರಲ್ಲಿ ಕ್ಯಾಮೆರಾ ನಿಮ್ಮಿಬ್ಬರ ಮೇಲೆ ಬಂತು. ಮೆಮ್ಚಾ ಗ್ಲೌಸ್ ಕಳಚಿ ಹುಲ್ಲಿನ ಮೇಲೆ ಕೂತಿದ್ದಳು. ನೀನು ನೀರಿನ ಬಾಟಲಿ ಕೊಟ್ಟೆ, ಅವಳೆದುರು ಮಂಡಿಯೂರಿದೆ, ಇಬ್ಬರ ಕೈಯ ಮೇಲೂ ಟವೆಲ್ ಹಾಕಿದೆ. ಇಂಗ್ಲಿಷಿನಲ್ಲಿ ಮಾತಾಡುವವನು, ಗೆಳತಿಯರಿಬ್ಬರೂ ಕೈ ಹಿಡಿದು ಪ್ರಾರ್ಥನೆ ಮಾಡುತ್ತಿದ್ದಾರೆ, ಎಂಥ ದೃಶ್ಯ, ಅಂದನಂತೆ. ಅಪಾರ್ಟ್‌ಮೆಂಟಿನವರು ಅರ್ಥ ಹೇಳಿದರು. ಮುನಿಕೃಷ್ಣಪ್ಪನವರು ತೊಡೆ ತಟ್ಟಿಕೊಂಡು ನಕ್ಕರು ನೋಡು: "ಪ್ರಾರ್ಥ್ನೆ ಅಲ್ಲ ಕಣಯ್ಯಾ, ಯಾಪಾರ! ಟವಲ್ ಆಕ್ಬುಟ್ಟವ್ಳೆ ನಮ್ ನಜೀರನ್ ಮಗ್ಳು!"

ಇಡೀ ಕುರಿಸಂತೆ ನಕ್ಕಿತು. ಕುರಿ ಕೊಳ್ಳುವವನೂ ದಲ್ಲಾಳಿಯೂ ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಒತ್ತಿ ಬೆಲೆ ಹೇಳಿಕೊಳ್ಳುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದವರು. ಒಂದು ಬೆರಳು ಹಿಡಿದರೆ ಒಂದು, ಎರಡಾದರೆ ಎರಡು, ಅಂಗೈಗೆ ಹೆಬ್ಬೆರಳು ಒತ್ತಿದರೆ ಮಾತು ಮುಗಿಯಿತು, ಇನ್ನು ಬಾಯಿ ಬಿಡುವ ಹಾಗಿಲ್ಲ. ನಿನ್ನ ಅಬ್ಬು ನಿನ್ನನ್ನು ಮೇವಿನ ಚೀಲದ ಮೇಲೆ ಕೂರಿಸಿಕೊಂಡು ಆಟದ ಹಾಗೆ ಕಲಿಸಿದ್ದು ನನಗೆ ಗೊತ್ತು. ನನಗೆ ಯಾರೂ ಕಲಿಸಲಿಲ್ಲ. ಹೆಂಗಸಿನ ಕೈ ಪರಗಂಡಸಿನ ಟವೆಲ್ಲಿನ ಕೆಳಗೆ ಹೋಗುವುದುಂಟೇ? ಅದಕ್ಕೇ ನಾನು ವ್ಯಾಪಾರಕ್ಕೆ ಇಳಿದಾಗ ಒಂದು ಸ್ಲೇಟು ತಂದು, ಪ್ರತಿ ಕುರಿಯ ರೇಟು ಸೀಮೆಸುಣ್ಣದಲ್ಲಿ ಬರೆದು ದೊಡ್ಡಿಯ ಮುಂದೆ ನೇತುಹಾಕಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ, ಬಕ್ರೀದಿಗೆ ಬರುವ ಹೊಸ ಗಿರಾಕಿಗಳೆಲ್ಲ ಸ್ಲೇಟು ಇರುವಲ್ಲಿಗೇ ಬಂದರು. ನಕ್ಕವರು ಆಮೇಲೆ ಸ್ಲೇಟು ಕೊಂಡರು. ಅದಿರಲಿ.

ಪೆನಾಲ್ಟಿ. ನಮ್ಮವರು ಐದರಲ್ಲಿ ಎರಡು ಹೊಡೆದರು. ಹಳದಿ ಅಂಗಿಯ ಮೊದಲನೆಯವಳು ಮೆಮ್ಚಾಳ ಎಡಕ್ಕೆ ಹೊಡೆದು ಗೋಲು ಮಾಡಿದಳು. ಎರಡನೆಯವಳದು ಬಲಕ್ಕೆ ಬಂತು, ಮೆಮ್ಚಾ ತಡೆದಳು. ಪಾರ್ಕಿಂಗಿನಲ್ಲಿ ಚಾ ಚೆಲ್ಲಿತು. ಮೂರನೆಯದು ಮೇಲೆ ಹಾರಿಹೋಯಿತು. ನಾಲ್ಕನೆಯದು ಎಡಕ್ಕೆ, ಗೋಲು. ಐದನೆಯದೂ ಎಡಕ್ಕೆ. ಮೆಮ್ಚಾ ಬಲಕ್ಕೆ ಹಾರಿ ಬಿದ್ದಿದ್ದಳು. ಮುಗಿಯಿತು, ಕಂಚು ಹೋಯಿತು.

ಎಲ್ಲ ಎದ್ದು ಕುರ್ಚಿ ಮಡಿಸುವಾಗ ದಲ್ಲಾಳಿ ವಹಾಬ್ ಪಕ್ಕಕ್ಕೆ ಬಂದ. "ಬದ್ರು ಆಪಾ, ಬೇಜಾರ್ ಮಾಡ್ಕೋಬೇಡಿ. ಯಾರು ಎತ್ತ ಒದೀತಾರೆ ಅಂತ ನಿಮ್ ಹುಡ್ಗಿಗೆ ಬಾಯಿಪಾಠ ಅಂದ್ರಿ. ಟವೆಲ್ ಹಾಕಿದ್ದು ನಾವೆಲ್ಲ ನೋಡಿದ್ವಿ. ಆದ್ರೂ ಆ ಮಣಿಪುರದವ್ಳು ಉಲ್ಟಾ ಬಿದ್ಲು. ಇಬ್ರು ಕೀಪರ್, ಒಂದೇ ಗೋಲು. ಅವ್ಳು ಸೋತ್ರೆ ನಾಳೆ ಯಾರಿಗೆ ಲಾಭ? ನೀವೇ ಲೆಕ್ಕ ಹಾಕಿ."

ಅವನ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು. ಆದರೆ ಹಾಳಾದ್ದು, ಲೆಕ್ಕ ಸರಿಯಾಗಿದೆ. ಸಂತೆಯಲ್ಲಿ ಕುಡುಕನನ್ನು ಕ್ಷಮಿಸುತ್ತಾರೆ, ಬಾಕಿ ಇಟ್ಟವನನ್ನು ಕ್ಷಮಿಸುತ್ತಾರೆ. ಟವೆಲ್ಲಿನ ಕೆಳಗೆ ತಪ್ಪು ಬೆರಳು ಕೊಟ್ಟವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ. ನಿನ್ನ ಅಬ್ಬು ಮಾತ್ರ, "ಅವ್ಳು ತಪ್ಪು ಬೆರಳು ಕೊಡೋಳಲ್ಲ" ಅಂದು ಕುರಿಗಳಿಗೆ ನೀರಿಡಲು ಹೋದರು. ಅವತ್ತಿನಿಂದ ಅವರ ಹೆಗಲ ಮೇಲೆ ಟವೆಲ್ ಇಲ್ಲ.

ನಾನು ಆ ಪೆನಾಲ್ಟಿಯನ್ನು ಫೋನಿನಲ್ಲಿ ಹಾಕಿ ಹಾಕಿ ನೋಡಿದೆ. ವಹಾಬ್ ಕಾಣದ ಒಂದು ವಿಷಯ ನನಗೆ ಕಂಡಿತು. ಆ ಹುಡುಗಿ ಐದೂ ಸಲ ಬಲಕ್ಕೇ ಬಿದ್ದಿದ್ದಾಳೆ. ಮೇಲೆ ಹಾರಿಹೋದ ಚೆಂಡಿಗೂ ಬಲಕ್ಕೇ. ಕೊನೆಯದೊಂದನ್ನೇ ನೀನು ಕೆಡಿಸಿದ್ದರೆ ಕೊನೆಯದೊಂದೇ ಉಲ್ಟಾ ಆಗಬೇಕಿತ್ತು. ಕುರಿ ಯಾವಾಗಲೂ ಒಂದೇ ಬದಿಗೆ ವಾಲಿದರೆ ನಾನು ಅದರ ಕಾಲು ನೋಡುತ್ತೇನೆ. ಇಲ್ಲಿ ನೋಡಬೇಕಾದದ್ದು ಏನು ಅಂತ ತಿಳಿಯುತ್ತಿಲ್ಲ.

ಆದ್ದರಿಂದ ಪ್ರಶ್ನೆ. ಬೈಯುವುದಕ್ಕಲ್ಲ, ತಿಳಿಯುವುದಕ್ಕೆ. ಆ ಟವೆಲ್ಲಿನ ಕೆಳಗೆ ನಿನ್ನ ಕೈ ಅವಳ ಕೈಗೆ ಏನು ಹೇಳಿತು?

ನಿನ್ನ
ಅಮ್ಮಿ (ಬದರುನ್ನೀಸಾ, ಸ್ಲೇಟಿನವಳು)

ತಾ.ಕ.: ಬೆಂಚಿನಲ್ಲಿ ಕೂತವರಿಗೂ ಪದಕ ಕೊಡುತ್ತಾರಾ? ಈಗ ತಿಳಿದು ಪ್ರಯೋಜನವಿಲ್ಲ, ಸುಮ್ಮನೆ ಕೇಳಿದೆ.


ಪುಣೆ
ನವೆಂಬರ್ ೨೦, ಗುರುವಾರ

ಅಮ್ಮಿಗೆ, ಅಬ್ಬುಗೆ, ಮುಸರ್ರತ್ ಮಾಡುವ ಸಲಾಂ.

ಅಮ್ಮಿ, ನಿನ್ನ ಪತ್ರವನ್ನು ಬಾತ್‌ರೂಮಿನಲ್ಲಿ ಕೂತು ಓದಿದೆ. ರೂಮಿನವರು ಯಾರ ಲವ್ ಲೆಟರ್ ಅಂತ ಕಿತ್ತುಕೊಳ್ಳಲು ಬಂದರು. ಕನ್ನಡ ನೋಡಿ, ಇದು ಜಿಲೇಬಿಯ ಥರ ಇದೆ ಅಂದು ಬಿಟ್ಟರು.

ಸಣ್ಣ ಉತ್ತರಗಳು ಮೊದಲು. ತಟ್ಟೆ ತೊಳೆಯುವುದು ಮಷೀನು. ಭಾರ ಎತ್ತುವವರು ತೂಕ ಆದ ಮೇಲೆ ತಿನ್ನುತ್ತಾರೆ. ಒಬ್ಬಳು ಹನ್ನೊಂದು ಬಾಳೆಹಣ್ಣು ತಿಂದಳು, ನಾವು ಪಕ್ಕದ ಟೇಬಲ್ಲಿನಿಂದ ಚಪ್ಪಾಳೆ ಹೊಡೆದೆವು. ಬೆವರಿನ ವಿಷಯ ಕೇಳಲಿಲ್ಲ. ಬೆಂಚಿನವರಿಗೂ ಪದಕ ಇದೆ. ಪಿನ್ನಿನ ಹುಡುಗಿ ಅವಳ ದೇಶದಿಂದ ಬಂದ ಒಬ್ಬಳೇ ಈಜುಗಾರ್ತಿ. ಅವಳ ಹತ್ತಿರ ಬದಲಾಯಿಸಿಕೊಳ್ಳಲು ಹೆಚ್ಚು ಪಿನ್ನೇ ಇರಲಿಲ್ಲ. ನಾನು ಅಬ್ಬುವಿನ ಮಗಳು, ಒಪ್ಪಿಕೊಂಡೆ.

ಬೆರಳಿನ ಮಾತನ್ನು ಮೆಮ್ಚಾಗೆ ನಾನು ಕಲಿಸಿದ್ದು ಊಟದ ಟೇಬಲ್ಲಿನ ಕೆಳಗೆ. ಅವಳ ಹಿಂದಿ ಅರ್ಧ, ನನ್ನ ಹಿಂದಿ ಕಾಲು. ಅನ್ನದ ಮೇಲೆ ಏನೋ ಹಸಿರು ಹಾಕಿ ಕೊಟ್ಟರೆ ಅವಳು ನನ್ನ ಒಂದೇ ಬೆರಳು ಒತ್ತುತ್ತಿದ್ದಳು, ಅಂದರೆ ಹತ್ತಕ್ಕೆ ಒಂದು ಮಾರ್ಕು. ಅಲ್ಲಿಂದ ನಾವು ಮೈದಾನಕ್ಕೆ ತಂದೆವು. ಒಂದು ಬೆರಳು ಎಡ, ಎರಡು ಬೆರಳು ಬಲ. ಪೆನಾಲ್ಟಿಗೆ ಹೋದರೆ ಹಳದಿ ಅಂಗಿಯ ಐವರದೂ ಸರದಿಯಲ್ಲಿ ಒತ್ತಿ ಹೇಳಬೇಕು ಅಂತ ಮೊದಲೇ ಮಾತಾಗಿತ್ತು. ಸುತ್ತ ಕ್ಯಾಮೆರಾ, ಪಕ್ಕದಲ್ಲೇ ಅವರ ಕೋಚು. ಬಾಯಲ್ಲಿ ಹೇಳುವ ಹಾಗಿರಲಿಲ್ಲ.

ಈಗ ಆ ಟವೆಲ್ಲು.

ಅವಳ ಎಡಗೈ ಹಿಡಿದೆ, ಅಮ್ಮಿ. ಉಂಗುರದ ಬೆರಳು ಬೆರಳಿನ ಹಾಗಿರಲಿಲ್ಲ. ಊದಿ, ಬಿಸಿಯಾಗಿ, ಗೆಣ್ಣಿನ ಹತ್ತಿರ ಓರೆಯಾಗಿತ್ತು. ಆಟದ ಕೊನೆಯಲ್ಲಿ ಕಾರ್ನರ್ ಬಂದಾಗ ಯಾರದೋ ಬೂಟಿನ ಕೆಳಗೆ ಸಿಕ್ಕಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಗ್ಲೌಸಿನೊಳಗೆ ಯಾರಿಗೆ ಕಾಣುತ್ತದೆ? ನಾನು ಮುಖ ನೋಡಿದೆ. ಅವಳ ಮುಖದಲ್ಲಿ ಏನೂ ಇಲ್ಲ. ಕೆಳಗೆ, ಬಲಗೈಯ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿದಳು. ಬಲವಾಗಿ. ಮಾತು ಮುಗಿಯಿತು, ಬಾಯಿ ಬಿಡಬೇಡ ಅಂತ. ಅದನ್ನೂ ನಾನೇ ಕಲಿಸಿದ್ದು.

ಮೇಡಂ ಪಕ್ಕದಲ್ಲೇ ನಿಂತಿದ್ದರು. "ಸಬ್ ಠೀಕ್?" ಅಂತ ಕೇಳಿದ್ದು ನನ್ನನ್ನು, ಅವಳನ್ನಲ್ಲ. ಕೀಪರಿಗೆ ಪೆಟ್ಟಾಗಿದ್ದರೆ ಪೆನಾಲ್ಟಿಗೂ ಮೊದಲು ಬದಲಾಯಿಸಬಹುದು. ನಾನು ಒಂದು ಮಾತು ಹೇಳಿದ್ದರೆ ಗ್ಲೌಸ್ ನನ್ನ ಕೈಗೆ ಬರುತ್ತಿತ್ತು.

"ಠೀಕ್ ಮೇಡಂ" ಅಂದೆ.

ಯಾಕೆ ಅಂತ ನೀನು ಕೇಳುತ್ತೀಯ. ಟವೆಲ್ ಕೆಳಗೆ ಆದದ್ದು ಟವೆಲ್ ತೆಗೆದ ಮೇಲೆ ಇಲ್ಲ, ಅಬ್ಬು ಹೇಳಿಕೊಟ್ಟದ್ದು ಅದು. ಅದೊಂದು ಕಾರಣ. ಇನ್ನೊಂದನ್ನು ಯಾರಿಗೂ ಹೇಳಿಲ್ಲ. ನನಗೆ ಆಡಬೇಕಿತ್ತು ಅಮ್ಮಿ. ಎಷ್ಟು ಬೇಕಿತ್ತು ಅಂದರೆ, ಅವಳ ಬೆರಳು ಮುರಿದದ್ದು ಕೈಗೆ ತಗುಲಿದ ತಕ್ಷಣ ನನಗೆ ಮೊದಲು ಆದದ್ದು ಖುಷಿ. ಒಂದು ಕ್ಷಣ. ಆ ಖುಷಿಯನ್ನು ಇಟ್ಟುಕೊಂಡು ಮೇಡಂ ಹತ್ತಿರ ಹೋಗಿ ಹೇಗೆ ಹೇಳಲಿ? ನಾನು ಅವಳ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ ಅಂತ ನನಗೇ ನಂಬಿಕೆ ಬರಲಿಲ್ಲ.

ಈಗಿನ ಕಷ್ಟ ಬೇರೆ. ಈ ಕ್ಯಾಂಪಿನಿಂದ ಇಪ್ಪತ್ತು ವರ್ಷದೊಳಗಿನವರ ತಂಡಕ್ಕೆ ಒಬ್ಬ ಕೀಪರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಮೆಮ್ಚಾ ಬೆರಳಿಗೆ ಟೇಪು ಸುತ್ತಿಕೊಂಡು ಬಾಗಿಲಿಗೆ ಸಿಕ್ಕಿತು ಅನ್ನುತ್ತಿದ್ದಾಳೆ. ಮೇಡಂ ವಿಡಿಯೋ ಹಾಕಿ ಎಲ್ಲರ ಮುಂದೆ, ಇವಳು ಹೆದರಿ ಐದೂ ಸಲ ಒಂದೇ ಕಡೆ ಬಿದ್ದಳು, ಇಂಥವಳನ್ನು ನಂಬುವುದು ಹೇಗೆ ಅಂದರು. ಅವಳು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ. ನಾನು ಸುಮ್ಮನಿದ್ದರೆ ಜಾಗ ನನಗೇ ಬರುತ್ತದೆ. ಹೇಳಿದರೆ ಅವಳ ಮಾತು ಮುರಿದ ಹಾಗೆ. ಆವತ್ತು ಮಾತಾಡಿದ್ದರೆ ನನಗೆ ಲಾಭವಿತ್ತು, ಇವತ್ತು ಮಾತಾಡದಿದ್ದರೆ ಲಾಭ. ಏನು ಮಾಡಲಿ?

ಬೆರಳಲ್ಲಿ ಏನು ಹೇಳಿದೆ ಅಂತ ಮಾತ್ರ ಕೇಳಬೇಡ. ಅದು ಕೆಳಗಿನದು, ಕೆಳಗೇ ಇರಲಿ.

ನಿನ್ನ
ಮುಸರ್ರತ್

ತಾ.ಕ.: ಅಬ್ಬುಗೆ ಟವೆಲ್ ಹಾಕಿಕೊಳ್ಳಲು ಹೇಳು.


ಗಂಗಾನಗರ
ನವೆಂಬರ್ ೨೪, ಸೋಮವಾರ

ನನ್ನ ಎರಡನೇ ಕೀಪರಿಗೆ ಅಮ್ಮಿಯ ದುವಾ.

ನಿನ್ನ ಪತ್ರವನ್ನು ನಾನು ಓದಿದೆ, ಆಮೇಲೆ ನಿನ್ನ ಅಬ್ಬುಗೆ ಗಟ್ಟಿಯಾಗಿ ಓದಿದೆ. ಖುಷಿಯ ಮಾತು ಬಂದ ಕಡೆ ನನ್ನ ದನಿ ಸ್ವಲ್ಪ ಕೆಟ್ಟಿತು. ಕೆಮ್ಮು ಅಂದೆ. ಒಂದು ಕ್ಷಣದ ಖುಷಿಗೆ ಇಷ್ಟು ಬಡ್ಡಿ ಕಟ್ಟುವುದು ಬೇಡ ಮಗಳೇ. ಎದುರು ದೊಡ್ಡಿಯ ಕುರಿ ಕುಂಟಿದರೆ ನನಗೂ ಮೊದಲು ಖುಷಿಯೇ ಆಗುವುದು. ಎದ್ದು ಹೋಗಿ ಎಣ್ಣೆ ಹಚ್ಚುವುದು ಆಮೇಲೆ. ಎಣ್ಣೆ ಹಚ್ಚಿದೆವೋ ಇಲ್ಲವೋ, ಲೆಕ್ಕಕ್ಕೆ ಬರುವುದು ಅದು.

ನಿನ್ನ ಅಬ್ಬು ಒಂದು ಮಾತು ಹೇಳಿದರು, ಅದನ್ನು ಹಾಗೆಯೇ ಬರೆಯುತ್ತೇನೆ: "ಬೆಲೆ ಮುಚ್ಬೋದು, ಕುಂಟು ಮುಚ್ಬಾರ್ದು. ಅದನ್ನ ಹೇಳ್ಕೊಡೋದು ಬಿಟ್ಟೆ."

ಯೋಚಿಸಿದರೆ ಸರಿ. ಸಂತೆಯಲ್ಲಿ ಟವೆಲ್ ಹಾಕುವ ಮೊದಲು ಕುರಿಯನ್ನು ಬಿಸಿಲಿಗೆ ತಂದು ನಿಲ್ಲಿಸುತ್ತಾರೆ. ಹಲ್ಲು ನೋಡುತ್ತಾರೆ, ಕಾಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಎಲ್ಲರ ಕಣ್ಣೆದುರು. ಆಮೇಲೆ ಬೆಲೆಯ ಮಾತಿಗೆ ಮಾತ್ರ ಟವೆಲ್ಲು. ಕುರಿ ಎದುರಿಗೇ ನಿಂತಿರುತ್ತದಾದ್ದರಿಂದ ಅದನ್ನು ನಿನಗೆ ಬಾಯಿಬಿಟ್ಟು ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಮೇವಿನ ಚೀಲದ ಮೇಲೆ ಕೂತ ನೀನು ಟವೆಲ್ಲು ನೋಡಿದೆ, ಕುರಿ ನೋಡಲಿಲ್ಲ. ಅರ್ಧ ಕಾನೂನು ಕಲಿತವಳು ಪೂರ್ತಿ ಕಾನೂನಿಗೆ ತಲೆ ಕೊಟ್ಟೆ.

ಇನ್ನು, ಏನು ಮಾಡಲಿ ಅಂದೆ. ಮೇಡಂ ಹತ್ತಿರ ಓಡಬೇಡ. ಸರಕು ಅವಳದು, ಕೂಗಬೇಕಾದವಳು ಅವಳು. ಅವಳನ್ನು ಕರೆದು, ಟವೆಲ್ ಇಲ್ಲದೆ, ಬೆಳಕಿನಲ್ಲಿ, ನಿನ್ನ ಕಾಲು ಹಿಂದಿಯಲ್ಲೇ ಹೇಳು: ಬೆರಳು ಓರೆಯಾಗಿ ಕೂಡಿಕೊಂಡರೆ ಮುಂದೆ ಯಾವ ತಂಡದ ಗೋಲೂ ಇಲ್ಲ, ನೀನು ಮೇಡಂಗೆ ಹೇಳು, ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ನೀನು ಹೇಳದಿದ್ದರೆ ನಾನು ಹೇಳುತ್ತೇನೆ, ಆಗಲೂ ನೀನು ಪಕ್ಕದಲ್ಲಿ ನಿಲ್ಲು. ಇಬ್ಬರಿಗೂ ಬೈಗುಳ ಬೀಳುತ್ತದೆ, ಹಂಚಿಕೊಳ್ಳಿ. ಜಾಗ ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿನಗೆ ಆ ಜಾಗ ಬರಬೇಕು. ಆದರೆ ಅವಳ ಕೈ ನೆಟ್ಟಗಿರುವಾಗ ಅವಳೆದುರು ನಿಂತು ಗೆದ್ದು ಬರಬೇಕು. ಎದುರು ದೊಡ್ಡಿಯವನು ಬಾಗಿಲು ಹಾಕಿದ್ದಾಗ ಆದ ವ್ಯಾಪಾರವನ್ನು ನಾನು ವ್ಯಾಪಾರ ಅನ್ನುವುದಿಲ್ಲ.

ನೀನು ಎಲ್ಲ ಕೇಳಿದ್ದಕ್ಕೂ ಉತ್ತರ ಕೊಟ್ಟೆ, ಬಾಳೆಹಣ್ಣಿನ ಲೆಕ್ಕದವರೆಗೆ. ನನ್ನ ಮೊದಲ ಪ್ರಶ್ನೆಯನ್ನು ಮಾತ್ರ ಕೆಳಗೇ ಇರಲಿ ಅಂದೆ. ಸರಿ, ಒತ್ತಾಯ ಮಾಡುವುದಿಲ್ಲ. ಒತ್ತಾಯ ಮಾಡುವುದಿಲ್ಲ ಅಂತ ನಾನು ಬರೆದು ಕೊಟ್ಟದ್ದು ಇದೇ ಮೊದಲು, ಜೋಪಾನವಾಗಿ ಇಟ್ಟುಕೋ.

ಮುನಿಕೃಷ್ಣಪ್ಪನವರು ನೀನು ಬರುವ ದಿನ ಕೇಳುತ್ತಿದ್ದರು. "ಒಂದ್ ಪದ್ಕ ಇಲ್ದೇ ಇದ್ರೆ ಏನಾಯ್ತು, ಟವಲ್ ಆಕಿದ್ದು ಏಷ್ಯಾ ನೋಡ್ತಲ್ಲ" ಅಂತ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ನಿನ್ನ
ಅಮ್ಮಿ

ತಾ.ಕ., ಮಂಗಳವಾರ: ಈ ಪತ್ರ ಅಂಚೆಗೆ ಹಾಕುವ ಮೊದಲೇ ನಿನ್ನ ಹತ್ತು ನಿಮಿಷದ ಫೋನು ಬಂತು. ಎತ್ತಿದರೆ ನೀನಲ್ಲ, ಮೆಮ್ಚಾ. ನನ್ನ ಸಲಹೆಗೆ ಕಾಯದೆ ನೀವಿಬ್ಬರೂ ನಿನ್ನೆಯೇ ಮೇಡಂ ಮುಂದೆ ನಿಂತಿರಂತೆ, ಬೈಗುಳ ಸಮಪಾಲು ಬಿತ್ತಂತೆ, ಬೆರಳಿಗೆ ಪಟ್ಟಿ ಕಟ್ಟಿದ್ದಾರಂತೆ, ಅದು ಕೂಡುವವರೆಗೆ ಯಾರನ್ನೂ ಆರಿಸುವುದಿಲ್ಲ ಅಂದರಂತೆ ಮೇಡಂ. ಬರೆದದ್ದು ದಂಡವಾಗಬಾರದು, ಕಳಿಸುತ್ತಿದ್ದೇನೆ.

ನೀನು ಗೋಡೆ ನೋಡುತ್ತಾ ಪಕ್ಕದಲ್ಲೇ ನಿಂತಿದ್ದೆಯಂತೆ. ಅವಳ ಅರ್ಧ ಹಿಂದಿಯಲ್ಲಿ ನನಗೆ ಇಷ್ಟು ಅರ್ಥವಾಯಿತು: "ಆಂಟಿ, ಅವಳಿಗೆ ಐವರದೂ ಗೊತ್ತಿತ್ತು. ಮೂವರು ಎಡಕ್ಕೇ ಹೊಡೆಯೋದು ಅಂತ ನನಗೆ ಹಿಂದಿನ ದಿನವೇ ಹೇಳಿದ್ದಳು. ಆದರೆ ನನ್ನ ಬೆರಳು ಮುಟ್ಟಿದ ಮೇಲೆ ಐದೂ ಸಲ ಬಲ, ಬಲ ಅಂತಲೇ ಒತ್ತಿದಳು. ಎಡಗೈ ಮೇಲೆ ನಾನು ಬೀಳಬಾರದು ಅಂತ."

ಅಂದರೆ ವಹಾಬ್ ಹೇಳಿದ್ದು ನಿಜ. ನನ್ನ ಮಗಳು ಟವೆಲ್ಲಿನ ಕೆಳಗೆ ತಪ್ಪು ಬೆರಳು ಕೊಟ್ಟಿದ್ದಾಳೆ. ಒಂದಲ್ಲ, ಮೂರು. ಅಂಥವರ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ ಅಂತ ನಾನೇ ಬರೆದಿದ್ದೆ. "ಈಗ ನಿನ್ನ ಕೈ ಎಲ್ಲಿದೆ?" ಅಂತ ಆ ಹುಡುಗಿಯನ್ನು ಕೇಳಿದೆ. ಫೋನು ಬಲಗೈಯಲ್ಲಿದೆ ಆಂಟಿ, ಪಟ್ಟಿ ಕಟ್ಟಿದ ಕೈ ಮುಸರ್ರತ್ ಕೈಯಲ್ಲಿದೆ, ಅಂದಳು.

ವಹಾಬನಿಗೆ ಹೇಳಲಿಲ್ಲ. ಅವನಿಗೆ ಖುಷಿಯಾಗುತ್ತದೆ, ಅರ್ಥವಾಗುವುದಿಲ್ಲ. ನಿನ್ನ ಅಬ್ಬುಗೆ ಹೇಳಿದೆ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸಂತೆಗೆ ಹೋದರು.